6.5-06 ಆಕ್ಲಿ ಇಂಪ್ರೂವ್ಡ್‌ಗೆ ಗುಂಡಿನ ಹಿತ್ತಾಳೆ ಕೇಸು ಮಾಡ್ಕೊಳ್ಳೋದು: .270ರಿಂದಲೋ, .30-06ರಿಂದಲೋ?

ರಾಕೀಸ್_ರಂಗ
ಎಲ್ಲರಿಗೂ ನಮಸ್ಕಾರ. ಇರೋದು ಕೊಲೊರಾಡೊದಲ್ಲಿ. .308 ಮತ್ತೆ .30-06ಗೆ ಮನೇಲೇ ರೀಲೋಡ್ ಮಾಡ್ತೀನಿ (ಹೊಡೆದ ಕೇಸಿಗೆ ಮತ್ತೆ ಮದ್ದು, ಬುಲೆಟ್ ತುಂಬೋದು), ಅದರಲ್ಲಿ ಕೈ ಕುದುರಿದೆ. ಈಗ ಪಕ್ಕದ ಮನೆಯ ಹಿರಿಯರೊಬ್ಬರು ಮನೆ ಖಾಲಿ ಮಾಡ್ತಾ ಒಂದು ರೈಫಲ್ ಕೊಟ್ಟಿದ್ದಾರೆ. ಮೌಸರ್ 98 ಆಕ್ಷನ್ (ಬೋಲ್ಟ್ ಇರೋ ಯಂತ್ರ ಭಾಗ), ವಾಲ್‌ನಟ್ ಸ್ಟಾಕ್, ಬ್ಯಾರೆಲ್ ಮೇಲೆ "6.5-06 ಆಕ್ಲಿ" ಅಂತ, ಅದರ ಕೆಳಗೆ "ನೆಕ್ .297" ಅಂತ ಕೊರೆದಿದೆ. ಕೇಸಿಗೆ ಆಕಾರ ಕೊಡೋ ಅಚ್ಚುಗಳು, ಅಂದ್ರೆ ಡೈ ಸೆಟ್ ಕೂಡ ಕೊಟ್ಟರು. ಕೇಸು ಮಾತ್ರ ಒಂದೂ ಇಲ್ಲ. ಇದರ ಕೇಸು ಯಾವ ಅಂಗಡಿಯಲ್ಲೂ ಸಿಗಲ್ಲ, ನಾವೇ ಮಾಡ್ಕೋಬೇಕು ಅಂತ ಅವರೇ ಹೇಳಿದ್ರು.

ನನ್ನ ಹತ್ರ ಲೇಕ್ ಸಿಟಿ .30-06 ಮಿಲಿಟರಿ ಹಿತ್ತಾಳೆ ಡಬ್ಬಗಟ್ಟಲೆ ಬಿದ್ದಿದೆ. .270 ಹೊಸದು ಬೇಕಾದ್ರೆ ಕೊಂಡ್ಕೋತೀನಿ. .25-06 ಸ್ನೇಹಿತರೊಬ್ಬರು ಕೊಡ್ತೀನಿ ಅಂತಿದ್ದಾರೆ. ಮೂರರಲ್ಲಿ ಯಾವುದು ಒಳ್ಳೇದು? ಕೇಸಿನ ಕತ್ತು (ಬುಲೆಟ್ ಹಿಡಿಯೋ ಬಾಯಿ ಭಾಗ) ಕಾಸಿ ಮೆತ್ತಗೆ ಮಾಡೋದು ಮೊದಲೋ ಆಮೇಲೋ? ಇನ್ನೊಂದು, ಬುಲೆಟ್ ಇಲ್ಲದೆ ರವೆ ತುಂಬಿ ಹೊಡೆದು ಕೇಸು ಉಬ್ಬಿಸ್ತಾರೆ ಅಂತ ಓದಿದೆ. ಯಾರಾದ್ರೂ ಮಾಡಿದ್ದೀರಾ?

ಹಿಲ್‌ಕಂಟ್ರಿ ಗೌಡ
.30-06. ಕೈಯಲ್ಲಿರೋದನ್ನ ಬಿಟ್ಟು ದುಡ್ಡು ಯಾಕೆ ಸುರೀತೀರಿ? ಮೂಲ ಕೇಸೇ ಅದು. ಡೈಗೆ ಹಾಕಿ ಒತ್ತಿ, ಕತ್ತು ಕಿರಿದಾಗುತ್ತೆ, ಮುಗೀತು.

ಪೀಣ್ಯ ಟೂಲ್‌ರೂಮ್
ಗೌಡ್ರೇ, ಮುಗಿಯಲ್ಲ. ಬ್ಯಾರೆಲ್ ಮೇಲೆ .297 ಅಂತ ಸುಮ್ಮನೆ ಕೊರೆದಿಲ್ಲ. ಚೇಂಬರ್, ಅಂದ್ರೆ ಬ್ಯಾರೆಲ್‌ನಲ್ಲಿ ಗುಂಡು ಕೂರೋ ಗೂಡು, ಅದರ ಕತ್ತಿನ ವ್ಯಾಸ ಅದು, ಇಂಚಿನಲ್ಲಿ. 6.5 ಬುಲೆಟ್ ವ್ಯಾಸ .264. .30-06 ಕತ್ತನ್ನ .308ರಿಂದ .264ಕ್ಕೆ ಇಳಿಸಿದಾಗ ಆ ಹಿತ್ತಾಳೆ ಎಲ್ಲಿಗೆ ಹೋಗಬೇಕು? ಒಂದಷ್ಟು ಉದ್ದಕ್ಕೆ ಹೋಗುತ್ತೆ, ಒಂದಷ್ಟು ದಪ್ಪಕ್ಕೆ ಸೇರುತ್ತೆ. ಗೋಡೆ 15 ಥೌ (ಥೌ ಅಂದ್ರೆ ಇಂಚಿನ ಸಾವಿರದ ಒಂದು ಭಾಗ) ಇದ್ದದ್ದು 16-17 ಥೌ ಆದ್ರೆ ಲೆಕ್ಕ ಹಾಕಿ: .264ಕ್ಕೆ ಎರಡು ಕಡೆ 16 ಸೇರಿಸಿದ್ರೆ .296. ಅಂದ್ರೆ ಬರೀ ಒಂದು ಥೌ ಸಡಿಲ. 17 ಆದ್ರೆ .298, ಕೇಸು ಚೇಂಬರ್‌ಗಿಂತಲೇ ದಪ್ಪ. ಒತ್ತಾಯ ಮಾಡಿ ಬೋಲ್ಟ್ ಮುಚ್ಚಿ ಹೊಡೆದ್ರೆ ಬುಲೆಟ್ ಬಿಡೋದಕ್ಕೆ ಕತ್ತಿಗೆ ಜಾಗವೇ ಇರಲ್ಲ, ಒತ್ತಡ ಎಲ್ಲೋ ಹೋಗುತ್ತೆ. ಕಡೇ ಪಕ್ಷ ಎರಡು ಮೂರು ಥೌ ಸಡಿಲ ಬೇಕು. .30-06 ಬಳಸಬಹುದು, ಆದ್ರೆ ಕತ್ತಿನ ಹೊರಮೈಯನ್ನ ಟರ್ನಿಂಗ್ ಮಾಡಿ ಕೆತ್ತಿ ತೆಳ್ಳಗೆ ಮಾಡ್ಲೇಬೇಕು.

.270 ಆದ್ರೆ .277ರಿಂದ .264ಕ್ಕೆ, ಬರೀ 13 ಥೌ ಇಳಿಕೆ. ದಪ್ಪ ಹೆಚ್ಚುಕಮ್ಮಿ ಹಾಗೇ ಇರುತ್ತೆ. ಏನೇ ಆಗ್ಲಿ, ಒಂದು ಕೇಸಿಗೆ ಬುಲೆಟ್ ಕೂರಿಸಿ (ಮದ್ದು, ಪ್ರೈಮರ್ ಇಲ್ಲದೆ) ಕತ್ತನ್ನ ಮೈಕ್ರೊಮೀಟರ್‌ನಲ್ಲಿ ಅಳೆಯಿರಿ. ಕ್ಯಾಲಿಪರ್ ಸಾಲಲ್ಲ.

ಹಿಲ್‌ಕಂಟ್ರಿ ಗೌಡ
ಟರ್ನಿಂಗ್ ಮಾಡೋದು ಗೊತ್ತಿರೋದೇ ಅಲ್ವಾ. ನಾನು ಸುಲಭ ಅಂದೆ, ಮಾಡ್ಬೇಡಿ ಅಂದ್ನಾ?

ಪೀಣ್ಯ ಟೂಲ್‌ರೂಮ್
ಪ್ರಶ್ನೆ ಕೇಳಿದವರಿಗೆ ಹೊಸದು. "ಒತ್ತಿ, ಮುಗೀತು" ಅಂತ ಬರೆದ್ರೆ ಅವರು ಒತ್ತೇ ಬಿಡ್ತಾರೆ. ಅದಕ್ಕೆ ಹೇಳಿದ್ದು.

ಬಾಳೆಲೆ ಬೊಳ್ಳಿ
ಕೊಡಗಿನಿಂದ ಓದ್ತಿದ್ದೀನಿ. ನಮ್ಮ ಕಡೆ ಕೇಪಿನ ಕೋವಿ, ತೋಟೆಕೋವಿ ಅಷ್ಟೇ ಗೊತ್ತು, ಮನೇಲಿ ಒಂದು .315 ಇದೆ. ಈ "ಆಕ್ಲಿ" ಅಂದ್ರೇನು? ಯಾರಾದ್ರೂ ಮೊದಲಿಂದ ಹೇಳಿ ಅಣ್ಣಂದಿರಾ.

ವ್ಯೋಮಿಂಗ್ ವಾಸು
ಪಾರ್ಕರ್ ಆಕ್ಲಿ ಅಂತ ಅಮೆರಿಕದ ದೊಡ್ಡ ಗನ್‌ಸ್ಮಿತ್. 1903ರಲ್ಲಿ ಹುಟ್ಟಿ 1989ರಲ್ಲಿ ತೀರಿಕೊಂಡ್ರು. ರಂಗ ಅವರು ಇರೋ ಕೊಲೊರಾಡೊದಲ್ಲೇ ಟ್ರಿನಿಡಾಡ್ ಕಾಲೇಜಿನಲ್ಲಿ ಬಂದೂಕಿನ ಕೆಲಸ ಕಲಿಸ್ತಿದ್ರು. ಅವರು ಮಾಡಿದ್ದು ಇಷ್ಟು: ಕಾರ್ಖಾನೆ ಕೇಸಿನ ಮೈ ಬುಡದಿಂದ ಭುಜದವರೆಗೆ (ಮೈ ಕತ್ತಿಗೆ ಕಿರಿದಾಗೋ ಜಾಗ) ಇಳಿಜಾರಾಗಿ ಸಣ್ಣದಾಗ್ತಾ ಹೋಗುತ್ತೆ. ಆ ಇಳಿಜಾರನ್ನ ಬಹುಪಾಲು ತೆಗೆದು, ಭುಜವನ್ನ 40 ಡಿಗ್ರಿಗೆ ಚೂಪಾಗಿಸಿದ್ರು. .30-06ರ ಭುಜ 17 ಡಿಗ್ರಿ 30 ಮಿನಿಟು ಅಷ್ಟೇ. ಆಗ ಒಳಗೆ ಜಾಗ ಸ್ವಲ್ಪ ಹೆಚ್ಚುತ್ತೆ, ಮದ್ದು ಸ್ವಲ್ಪ ಜಾಸ್ತಿ ಹಿಡಿಯುತ್ತೆ.

ಇಂಥ ಕೇಸನ್ನ ಕಾರ್ಖಾನೆ ಮಾಡಲ್ಲ, ಅಳತೆಯ ಮಾನಕ ಇರಲ್ಲ, ಹವ್ಯಾಸಿಗಳೇ ಮಾಡ್ಕೋತಾರೆ. ಇವನ್ನೇ ವೈಲ್ಡ್‌ಕ್ಯಾಟ್ ಅನ್ನೋದು. ಕೆಲವು ಚೆನ್ನಾಗಿ ಓಡಿದ್ರೆ ಕಂಪನಿಗಳೇ ಎತ್ಕೋತಾವೆ. .25-06 ಎಷ್ಟೋ ವರ್ಷ ವೈಲ್ಡ್‌ಕ್ಯಾಟ್ ಆಗಿತ್ತು, ರೆಮಿಂಗ್ಟನ್ 1969ರಲ್ಲಿ ಕಾರ್ಖಾನೆ ಗುಂಡು ಮಾಡ್ತು. .22-250 ಕೂಡ ಹಾಗೇ, 1965ರಲ್ಲಿ. 7×57 ಮೌಸರ್ ಕತ್ತು ಕಿರಿದು ಮಾಡಿ ನೆಡ್ ರಾಬರ್ಟ್ಸ್ ಕಟ್ಟಿದ್ದು 1934ರಲ್ಲಿ .257 ರಾಬರ್ಟ್ಸ್ ಆಯ್ತು. ಆಕ್ಲಿಯವರದ್ದೇ .280 ಇಂಪ್ರೂವ್ಡ್‌ಗೆ ನೋಸ್ಲರ್ ಕಂಪನಿ ಮಾನಕ ಮಾಡಿಸಿದ್ದು 2007ರಲ್ಲಿ, ಅವರು ತೀರಿಕೊಂಡ ಎಷ್ಟೋ ವರ್ಷಕ್ಕೆ.

ಬಾಳೆಲೆ ಬೊಳ್ಳಿ
ಈಗ ತಿಳೀತು. ಅಷ್ಟು ಕಷ್ಟಪಟ್ಟು ವೇಗ ಎಷ್ಟು ಹೆಚ್ಚುತ್ತೆ?

ವ್ಯೋಮಿಂಗ್ ವಾಸು
ಜಾಸ್ತಿ ಇಲ್ಲ, ಪ್ರಾಮಾಣಿಕವಾಗಿ ಹೇಳ್ತೀನಿ. ಒಳಗಿನ ಜಾಗ ನೂರಕ್ಕೆ ನಾಲ್ಕು ಹೆಚ್ಚಿದ್ರೆ, ಒತ್ತಡ ಅಷ್ಟೇ ಇಟ್ಕೊಂಡು ವೇಗ ನೂರಕ್ಕೆ ಒಂದು ಹೆಚ್ಚುತ್ತೆ, ಇದು ಸ್ಥೂಲ ಲೆಕ್ಕ. ನನಗೆ ಆಕ್ಲಿ ಹಿಡಿಸೋದು ಬೇರೆ ಕಾರಣಕ್ಕೆ. ಮೈ ನೇರ, ಭುಜ ಚೂಪು ಇರೋದ್ರಿಂದ ಹಿತ್ತಾಳೆ ಮುಂದಕ್ಕೆ ಹರಿಯೋದು ಕಮ್ಮಿ. ಪದೇ ಪದೇ ಬಾಯಿ ಕತ್ತರಿಸಿ ಉದ್ದ ಟ್ರಿಮ್ ಮಾಡೋ ಗೋಳು ತಪ್ಪುತ್ತೆ, ಕೇಸೂ ಹೆಚ್ಚು ದಿನ ಬಾಳುತ್ತೆ.

ಧಾರವಾಡದಾಂವ
ಒಂದು ಮುಖ್ಯ ಮಾತು ಎಲ್ಲಾರೂ ಬಿಟ್ಟೀರಿ. ಕೇಸಿನ ಆಕಾರ ಮಾಡೂದು ದೊಡ್ಡ ಮಾತಲ್ರೀ, ಡೈ ಮಾಡತೈತಿ. ಮೊದಲನೇ ಸಲ ಹೊಡ್ಯೂವಾಗ ಕೇಸು ಚೇಂಬರ್‌ನ್ಯಾಗ ಹಿಂದ-ಮುಂದ ಅಲುಗಾಡಬಾರದು, ಅದರಾಗ ಐತಿ ಎಲ್ಲಾ. ಭುಜ ಮುಂದ ತಾಗಬೇಕು, ತಳ ಬೋಲ್ಟಿಗೆ ಒತ್ತಿರಬೇಕು. ನಡುವ ಸಂದಿ ಉಳೀತಂದ್ರ ಹೊಡೆದಾಗ ಕೇಸಿನ ಮುಂದಿನ ಭಾಗ ಗ್ವಾಡಿಗೆ ಹಿಡ್ಕೋತೈತಿ, ತಳ ಹಿಂದಕ್ಕ ಹೋಗತೈತಿ, ನಡುವಿನ ಹಿತ್ತಾಳಿ ಎಳದು ತೆಳ್ಳಗ ಆಗತೈತಿ. ತಳದಿಂದ ಸುಮಾರು 200 ಥೌ ಮ್ಯಾಲ. ಒಮ್ಮಿಗೇ ಕತ್ತರಿಸಿ ಹೋಗ್ಲಿಕ್ಕಿಲ್ಲ, ಎರಡನೇದೋ ಮೂರನೇದೋ ಹೊಡೆತಕ್ಕ ಹೋಗತೈತಿ. ಹೊಸಾ ಕೇಸು ಮೊದಲ ಹೊಡೆತಕ್ಕ ಹಾಳಾಗಿರತೈತಿ, ನಮಗ ಗೊತ್ತಾಗೂದು ಆಮ್ಯಾಲ.

ಪೇಪರ್ ಕ್ಲಿಪ್ ನೆಟ್ಟಗ ಮಾಡಿ, ತುದಿ ಬಗ್ಗಿಸಿ, ಚೂಪು ಮಾಡಿ, ಕೇಸಿನ ಒಳಗ ಬಿಟ್ಟು ಗ್ವಾಡಿ ಮ್ಯಾಲ ಎಳೀರಿ. ತಳದ ಹತ್ರ ಗೀರಿನ್ಯಾಗ ಸಿಕ್ಕಂಗ ಆತು ಅಂದ್ರ ಆ ಕೇಸು ಕಸದ ಡಬ್ಬಿಗೆ.

ರಾಕೀಸ್_ರಂಗ
ಸರ್, ಹಾಗಾದ್ರೆ ಅಲುಗಾಡದ ಹಾಗೆ ಮಾಡೋದು ಹೇಗೆ? .30-06 ಭುಜ ಇರೋದು ಹಿಂದೆ, ಆಕ್ಲಿ ಭುಜ ಇರೋದು ಮುಂದೆ ಉಬ್ಬಿಕೊಂಡು. ಮಧ್ಯೆ ಖಾಲಿ ಇರುತ್ತಲ್ಲ?

ಧಾರವಾಡದಾಂವ
ಆಕ್ಲಿ ಶಾಣ್ಯಾ ಮನಷ್ಯಾ. ಭುಜ ಉಬ್ಬಿಸಿದ್ರೂ ಕತ್ತು-ಭುಜ ಕೂಡೋ ಜಾಗ ಮುಂದಕ್ಕ ಸರಿಸಲಿಲ್ಲ. ತಿರುಗಿ ನಾಲ್ಕು ಥೌ ಹಿಂದಕ್ಕ ಇಟ್ಟ. ಹಿಂಗಾಗಿ ಸಾದಾ .30-06 ಗುಂಡು .30-06 ಆಕ್ಲಿ ಚೇಂಬರಿಗೆ ಹಾಕಿದ್ರ, ಆ ಕೂಡೋ ಜಾಗದಾಗ ಸಣ್ಣಂಗ ಒತ್ತಿ ಬಿಗಿಯಾಗಿ ಕೂಡತೈತಿ. ಬೋಲ್ಟ್ ಮುಚ್ಚೂವಾಗ ಕೈಗೆ ತಿಳೀತೈತಿ. .30-06 ಆಕ್ಲಿಗೆ ಸಾದಾ .30-06ರ ಗೋ ಗೇಜೇ (ಚೇಂಬರ್ ಉದ್ದ ಪರೀಕ್ಷೆ ಮಾಡೂ ಉಕ್ಕಿನ ತುಂಡು) ನೋ-ಗೋ ಆಗತೈತಿ, ಅದರ ಮ್ಯಾಲ ಬೋಲ್ಟ್ ಮುಚ್ಚಬಾರದು.

ಆದ್ರ ಇದು ಬ್ಯಾರೆಲ್ ಸರಿಯಾಗಿ ಕೂರಿಸಿದವರದ್ದು. ಕೆಲವರು ಹಳೇ .30-06 ಚೇಂಬರಿಗೆ ಆಕ್ಲಿ ರೀಮರ್ ಹಾಕಿ ಕೊರೆದು ಬಿಡತಾರ, ಬ್ಯಾರೆಲ್ ಹಿಂದಕ್ಕ ಸರಿಸೂದಿಲ್ಲ. ಅಂಥಾದ್ರಾಗ ಸಂದಿ ಉಳದ ಉಳೀತೈತಿ. ನಿಮ್ಮ ರೈಫಲ್ ಯಾರು ಮಾಡಿದ್ರೋ, ಯಾವ ಕಾಲದ್ದೋ. ಒಂದ ಕೇಸು ಹೊಡ್ಯೂ ಮೊದ್ಲ ಗನ್‌ಸ್ಮಿತ್ ಹತ್ರ ಒಯ್ದು ಚೇಂಬರ್ ಅಳಸ್ರಿ. ಚೇಂಬರ್ ಒಳಗಿನ ಅಚ್ಚು ತಗದು (ಚೇಂಬರ್ ಕಾಸ್ಟ್) ಕೊಡತಾರ, ಕತ್ತಿನ ವ್ಯಾಸಾನೂ ಖಾತ್ರಿ ಆಗತೈತಿ. ಕೊರೆದದ್ದ ನಂಬಬ್ಯಾಡ್ರಿ.

ಹಿಲ್‌ಕಂಟ್ರಿ ಗೌಡ
ಇದಕ್ಕೇ ನಾನು .30-06 ಅಂದಿದ್ದು! ಸುಳ್ಳು ಭುಜ ಮಾಡ್ಕೊಳ್ಳೋಕೆ ಅದಕ್ಕಿಂತ ಒಳ್ಳೇದಿಲ್ಲ. ಕತ್ತು .308 ಇದೆ. ಡೈಯನ್ನ ಪೂರ್ತಿ ಕೆಳಗೆ ಇಳಿಸದೆ ಮೇಲೇ ಇಟ್ಟು ಒತ್ತಿ. ಕತ್ತಿನ ಮೇಲ್ಭಾಗ ಮಾತ್ರ 6.5 ಆಗುತ್ತೆ, ಬುಡದಲ್ಲಿ ಹಳೇ ದಪ್ಪ ಕತ್ತು ಉಳಿಯುತ್ತೆ. ಆ ಮೆಟ್ಟಿಲೇ ಸುಳ್ಳು ಭುಜ. ಪ್ರತಿ ಸಲ ಡೈಯನ್ನ ಒಂದು ಸುತ್ತಿನ ಎಂಟನೇ ಒಂದು ಭಾಗ ಮಾತ್ರ ತಿರುಗಿಸಿ ಇಳಿಸ್ತಾ, ಕೇಸನ್ನ ರೈಫಲ್‌ಗೆ ಹಾಕಿ ಬೋಲ್ಟ್ ಮುಚ್ಚಿ ನೋಡಿ. ಫೈರಿಂಗ್ ಪಿನ್ ಅಸೆಂಬ್ಲಿ ಬಿಚ್ಚಿಟ್ಟಿರಿ, ಸ್ಪ್ರಿಂಗ್ ಬಿಗಿ ಇಲ್ಲದಿದ್ರೆ ಕೈಗೆ ಸ್ಪಷ್ಟವಾಗಿ ತಿಳಿಯುತ್ತೆ. ಮೊದಲು ಹಿಡಿ ಅರ್ಧಕ್ಕೇ ನಿಲ್ಲುತ್ತೆ. ಆಮೇಲೆ ಕೆಳಗೆ ಬರ್ತಾ ಬರ್ತಾ, ಕೊನೇ ಸ್ವಲ್ಪ ದೂರ ಬೆರಳಲ್ಲಿ ಒತ್ತಿದ್ರೆ ಮುಚ್ಚುತ್ತೆ. ಅಲ್ಲಿಗೆ ಡೈ ನಿಲ್ಲಿಸಿ ಲಾಕ್ ರಿಂಗ್ ಬಿಗಿ ಮಾಡಿ.

.270ಯಲ್ಲಿ ಈ ಮೆಟ್ಟಿಲು ಎಷ್ಟು ಬರುತ್ತೆ ಹೇಳಿ ಪೀಣ್ಯದವರೇ? ವ್ಯತ್ಯಾಸ 13 ಥೌ, ಒಂದು ಕಡೆಗೆ ಆರೂವರೆ. .30-06ರಲ್ಲಿ 44, ಒಂದು ಕಡೆಗೆ 22. ಫೈರಿಂಗ್ ಪಿನ್ ಬಡಿದಾಗ ಕೇಸು ಮುಂದಕ್ಕೆ ಜಾರದೆ ಇರೋಕೆ ಯಾವುದು ಗಟ್ಟಿ?

ಪೀಣ್ಯ ಟೂಲ್‌ರೂಮ್
ಇದು ಒಪ್ಪೋ ಮಾತು. ಮೆಟ್ಟಿಲಿಗೆ .30-06, ಕತ್ತಿನ ದಪ್ಪಕ್ಕೆ .270. ಎರಡೂ ಬೇಕಾದ್ರೆ ಹೊಸ .270 ಕೇಸಿನ ಕತ್ತನ್ನ ಮೊದಲು ಎಕ್ಸ್‌ಪ್ಯಾಂಡರ್ ಹಾಕಿ .30ಕ್ಕೆ ಅಗಲ ಮಾಡಿ, ಆಮೇಲೆ 6.5 ಡೈಯಲ್ಲಿ ಇಳಿಸಿ ಬನ್ನಿ. ಅಗಲ ಮಾಡಿದಾಗ ತೆಳ್ಳಗಾಗುತ್ತೆ, ಕಿರಿದು ಮಾಡಿದಾಗ ದಪ್ಪ ವಾಪಸ್ ಬರುತ್ತೆ, ಕೊನೆಗೆ ಮೊದಲಿದ್ದಷ್ಟೇ. ಮೆಟ್ಟಿಲು ಮಾತ್ರ ದೊಡ್ಡದು ಸಿಗುತ್ತೆ.

ಲಗ್ಗೆರೆ_ಲೋಕಿ
ಬುಲೆಟ್ ಉದ್ದಕ್ಕೆ ಕೂರಿಸಿ ಬ್ಯಾರೆಲ್ ಒಳಗಿನ ಸುರುಳಿ ಗೀರುಗಳಿಗೆ, ಅಂದ್ರೆ ರೈಫ್ಲಿಂಗ್‌ಗೆ ಒತ್ತಿ ನಿಲ್ಲಿಸಿದ್ರೆ ಸಾಕಲ್ವಾ? ಸುಳ್ಳು ಭುಜ ಎಲ್ಲ ಯಾಕೆ?

ಹಿಲ್‌ಕಂಟ್ರಿ ಗೌಡ
ಎಷ್ಟೋ ಜನ ಹಾಗೇ ಮಾಡ್ತಾರೆ. ಆದ್ರೆ ಕತ್ತು ಬುಲೆಟ್ಟನ್ನ ಬಿಗಿಯಾಗಿ ಹಿಡಿದಿರಬೇಕು, ಇಲ್ಲಾಂದ್ರೆ ಬೋಲ್ಟ್ ಮುಚ್ಚೋವಾಗ ಬುಲೆಟ್ಟೇ ಒಳಗೆ ಜಾರುತ್ತೆ, ಬಿಗಿ ಉಳಿಯಲ್ಲ. ಹೊಡೆಯದೆ ಬೋಲ್ಟ್ ತೆಗೆದ್ರೆ ಬುಲೆಟ್ ಬ್ಯಾರೆಲ್ಲಲ್ಲೇ ಸಿಕ್ಕಿಕೊಂಡು ಮದ್ದು ಆಕ್ಷನ್ ತುಂಬ ಚೆಲ್ಲಬಹುದು. ರೈಫ್ಲಿಂಗ್‌ಗೆ ಒತ್ತಿದ ಬುಲೆಟ್‌ನಿಂದ ಒತ್ತಡವೂ ಏರುತ್ತೆ, ಅದಕ್ಕೆ ಕಡಿಮೆ ಮದ್ದಿನಿಂದಲೇ ಶುರು ಮಾಡಬೇಕು. ನಾನು ಎರಡೂ ಸೇರಿಸ್ತೀನಿ, ಬರೀ ಅದನ್ನ ನಂಬಲ್ಲ.

ಸಾಗರದ ಹುಡ್ಗ
.25-06 ಬಗ್ಗೆ ಯಾರೂ ಹೇಳಿಲ್ಲ. ಅದರ ಕತ್ತನ್ನ ಅಗಲ ಮಾಡಬೇಕಾಗುತ್ತೆ. ಆಗ ಹಳೇ ಭುಜದ ದಪ್ಪ ಹಿತ್ತಾಳೆ ಕತ್ತಿನ ಬುಡಕ್ಕೆ ಬಂದು ಒಳಗಡೆ ಉಂಗುರ ಥರ ಉಳ್ಕಳುತ್ತೆ. ಡೋನಟ್ ಅಂತಾರೆ. ಬುಲೆಟ್ ಅಲ್ಲೀವರೆಗೂ ಇಳಿದ್ರೆ ಅಲ್ಲಿ ಹಿಂಡುತ್ತೆ. ಒಳಗೆ ರೀಮ್ ಮಾಡಿ ತೆಗೀಬಹುದು, ಆದ್ರೆ ಯಾಕೆ ಬೇಕು ಮಾರಾಯ್ರೇ ಆ ರಗಳೆ. ಸುಳ್ಳು ಭುಜವೂ ಸಿಗಲ್ಲ. ಸ್ನೇಹಿತರಿಗೆ ಥ್ಯಾಂಕ್ಸ್ ಹೇಳಿ ವಾಪಸ್ ಕೊಡಿ.

ಕಂಚುಗಾರ್ರ ಮನೆ
ಕತ್ತು ಕಾಸೋದರ ಬಗ್ಗೆ ನಾನು ಹೇಳಬಹುದು. ನಮ್ಮದು ಪಾತ್ರೆ ಬಡಿಯೋ ಮನೆತನ. ಬಡಿದಷ್ಟೂ ಹಿತ್ತಾಳೆ ಗಡುಸಾಗ್ತಾ ಹೋಗುತ್ತೆ, ಒಂದು ಹಂತ ದಾಟಿದ್ರೆ ಅಂಚು ಬಿರಿಯುತ್ತೆ. ಅದಕ್ಕೆ ಮಧ್ಯೆ ಮಧ್ಯೆ ಕಾಸಿ ಮೆತ್ತಗೆ ಮಾಡ್ಕೋಬೇಕು. ಕೇಸಿನ ಹಿತ್ತಾಳೆ ತಾಮ್ರ 70, ಸತುವು 30. ಡೈಯಲ್ಲಿ ಒತ್ತಿದ್ರೂ ಚೇಂಬರ್‌ನಲ್ಲಿ ಉಬ್ಬಿದ್ರೂ ಅದಕ್ಕೆ ಬಡಿದ ಹಾಗೇ.

ಆದ್ರೆ ಪಾತ್ರೆ ಪೂರ್ತಿ ಕಾಸಬಹುದು, ಕೇಸು ಪೂರ್ತಿ ಕಾಸಬಾರದು. ತಳ ಗಡುಸಾಗೇ ಇರಬೇಕು, ಒತ್ತಡ ತಡೆಯೋದು ಅದೇ. ತಳ ಮೆತ್ತಗಾದ ಕೇಸು ಕೈಯಲ್ಲಿ ಹಿಡಿಯೋಕೂ ಲಾಯಕ್ಕಿಲ್ಲ. ಕತ್ತು ಮತ್ತೆ ಭುಜಕ್ಕೆ ಮಾತ್ರ ಜ್ವಾಲೆ, ಕೆಲವೇ ಸೆಕೆಂಡು, ಕೇಸನ್ನ ತಿರುಗಿಸ್ತಾ ಇರಿ. 750 ಡಿಗ್ರಿ ಫ್ಯಾರನ್‌ಹೀಟ್‌ನ ಟೆಂಪಿಲಾಕ್ ಬಣ್ಣ ಕತ್ತಿನ ಒಳಗೆ ಹಚ್ಚಿ, 450ರದ್ದು ಮೈಮೇಲೆ ಕೆಳಗಡೆ ಹಚ್ಚಿ. ಮೇಲಿನದು ಕರಗಬೇಕು, ಕೆಳಗಿನದು ಕರಗಬಾರದು. ದೀಪ ಆರಿಸಿ ನೋಡಿದ್ರೆ ಕತ್ತು ಮಂಕಾಗಿ ಕೆಂಪಗಾಗೋ ಹೊತ್ತಿಗೆ ತೆಗೆದುಬಿಡಿ. ಕಿತ್ತಳೆ ಬಣ್ಣಕ್ಕೆ ಬಂತು ಅಂದ್ರೆ ಅತಿಯಾಯ್ತು, ಆ ಕೇಸು ಬಿಡಿ.

ನೀರಿಗೆ ಹಾಕಿದ್ರೂ ಸರಿ, ಹಾಗೇ ಆರೋಕೆ ಬಿಟ್ಟರೂ ಸರಿ. ಉಕ್ಕಿನ ಹಾಗೆ ನೀರಿಗೆ ಅದ್ದಿದ್ರೆ ಗಡುಸಾಗಲ್ಲ ಹಿತ್ತಾಳೆ.

ಯಾವಾಗ ಅಂದ್ರೆ, ಕತ್ತು ಕಿರಿದು ಮಾಡಿದ ಮೇಲೆ, ಹೊಡೆಯೋದಕ್ಕೆ ಮುಂಚೆ. ಮಿಲಿಟರಿ ಹಳೇ ಕೇಸಾದ್ರೆ ಕಿರಿದು ಮಾಡೋ ಮುಂಚೆ ಒಂದು ಸಲ, ಆಮೇಲೆ ಇನ್ನೊಂದು ಸಲ. ಗುಂಡು ತುಂಬಿದ ಕೇಸಿನ ಹತ್ರ ಬೆಂಕಿ ತರಬೇಡಿ, ಇದನ್ನ ಹೇಳೋ ಅಗತ್ಯ ಇಲ್ಲ, ಆದ್ರೂ ಹೇಳ್ತೀನಿ.

ಸಾಗರದ ಹುಡ್ಗ
ಕಂಚುಗಾರ್ರೇ, ಬ್ರಾಸೋ ಹಾಕಿ ಕೇಸು ಹೊಳಪು ಮಾಡಬಾರ್ದು ಅಂತಾರಲ್ಲ, ಯಾಕೆ? ನಮ್ಮಮ್ಮ ದೇವರ ದೀಪಕ್ಕೆಲ್ಲ ಅದನ್ನೇ ಹಾಕ್ತಿದ್ರು.

ಕಂಚುಗಾರ್ರ ಮನೆ
ದೀಪಕ್ಕೆ ಹಾಕಿ, ತೊಂದರೆ ಇಲ್ಲ. ಕೇಸಿಗೆ ಬೇಡ. ಅಮೋನಿಯ ಇರುತ್ತೆ. ಒಳಗೆ ಬಿಗಿತ ಉಳಿದಿರೋ ಹಿತ್ತಾಳೆಗೆ ಅಮೋನಿಯ ತಾಗಿದ್ರೆ ಬಿರುಕು ಬಿಡುತ್ತೆ.

ವ್ಯೋಮಿಂಗ್ ವಾಸು
ಇದರ ಕತೆ ನಮ್ಮ ದೇಶದ್ದೇ, ಬಹಳ ಜನಕ್ಕೆ ಗೊತ್ತಿಲ್ಲ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದಲ್ಲಿ ಮಳೆಗಾಲದಲ್ಲಿ ಗುಂಡುಗಳನ್ನ ಕುದುರೆ ಲಾಯಗಳಲ್ಲಿ ದಾಸ್ತಾನು ಇಡ್ತಿದ್ರು. ಮಳೆಗಾಲ ಮುಗಿದು ತೆಗೆದ್ರೆ ಕೇಸುಗಳು ತಾನಾಗೇ ಬಿರುಕು ಬಿಟ್ಟಿರ್ತಿದ್ವು. ಕಾರಣ ಸರಿಯಾಗಿ ಗೊತ್ತಾಗಿದ್ದು 1921ರಲ್ಲಿ: ಕುದುರೆ ಮೂತ್ರದ ಅಮೋನಿಯ, ಮಳೆಗಾಲದ ತೇವ, ಜೊತೆಗೆ ಕೇಸು ಎಳೆದು ಮಾಡೋವಾಗ ಹಿತ್ತಾಳೆಯೊಳಗೆ ಉಳಿದ ಬಿಗಿತ, ಮೂರೂ ಸೇರಿದ್ರೆ ಬಿರುಕು. ಕಾಸಿ ಬಿಗಿತ ಸಡಿಲಿಸಿದ್ರೆ ಸಮಸ್ಯೆ ಹೋಗುತ್ತೆ. ಇವತ್ತಿಗೂ ಹಿತ್ತಾಳೆಯ ಆ ಬಿರುಕಿಗೆ ಇಂಗ್ಲಿಷ್‌ನಲ್ಲಿ ಮಳೆಗಾಲದ ಹೆಸರೇ ಇದೆ, ಸೀಸನ್ ಕ್ರ್ಯಾಕಿಂಗ್ ಅಂತ. ರಂಗ ಅವರು ಕೇಸು ಇಡೋ ಗ್ಯಾರೇಜಿನಲ್ಲಿ ಅಮೋನಿಯ ಇರೋ ಕ್ಲೀನರ್, ಗೊಬ್ಬರದ ಚೀಲ ಇದ್ರೆ ಬೇರೆ ಕಡೆ ಇಡಿ.

ಮೈಸೂರು ಮೋಹನ
ತುಂಬಾ ಒಳ್ಳೇ ಮಾಹಿತಿ. ಈ ವೇದಿಕೇಲಿ ಇಷ್ಟು ಜನ ರೀಲೋಡ್ ಮಾಡೋರಿದ್ದಾರೆ ಅಂತ ಗೊತ್ತೇ ಇರ್ಲಿಲ್ಲ.

ನ್ಯೂಜೆರ್ಸಿ_ನಾಗ
ಒಂದು ವಿಷಯ. ಇದನ್ನ ಓದ್ತಿರೋ ಎಚ್-1ಬಿ ವೀಸಾದ ಹುಡುಗರು ಉತ್ಸಾಹದಲ್ಲಿ ಅಂಗಡಿಗೆ ಓಡಬೇಡಿ. ವಲಸೆಯೇತರ ವೀಸಾದಲ್ಲಿ ಇರೋರು ಬಂದೂಕು ಮಾತ್ರ ಅಲ್ಲ, ಗುಂಡು ಇಟ್ಕೊಳ್ಳೋದೂ ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆ ಲೈಸೆನ್ಸ್ ಇರೋರಿಗೆ ವಿನಾಯಿತಿ ಇದೆ, ಆದ್ರೆ ವಕೀಲರನ್ನ ಕೇಳದೆ ಅದರ ಮೇಲೆ ಭರವಸೆ ಇಡಬೇಡಿ. ಗ್ರೀನ್ ಕಾರ್ಡ್ ಇದ್ರೆ ಈ ತಡೆ ಇಲ್ಲ. ಸಿಕ್ಕಿಬಿದ್ರೆ ವೀಸಾ ಹೋಗೋದಷ್ಟೇ ಅಲ್ಲ.

ರಾಕೀಸ್_ರಂಗ
ನಾನು ಗ್ರೀನ್ ಕಾರ್ಡ್‌ನಲ್ಲಿದ್ದೀನಿ ಸರ್, ಬೇಟೆ ಲೈಸೆನ್ಸೂ ಇದೆ. ಹೇಳಿದ್ದು ಒಳ್ಳೇದಾಯ್ತು, ಬೇರೆಯವರಿಗೆ ಉಪಯೋಗ.

ಬಾಳೆಲೆ ಬೊಳ್ಳಿ
ನಮ್ಮಲ್ಲಿ ಕೈಲ್‌ಪೊಳ್ದ್‌ಗೆ ಕೋವಿ ಪೂಜೆ ಮಾಡ್ತೀವಿ, ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿದೆ. ಅದರಲ್ಲಿ ನಾವೂ ಹೀಗೆ ಕೇಸು ಮಾಡ್ಕೋಬಹುದಾ? .315 ಗುಂಡು ಸಿಗೋದೇ ಕಷ್ಟ ಆಗಿದೆ.

ನ್ಯೂಜೆರ್ಸಿ_ನಾಗ
ಬೇಡ. ಆ ವಿನಾಯಿತಿ ಕೋವಿ ಇಟ್ಕೊಳ್ಳೋದಕ್ಕೆ. ಗುಂಡು ತಯಾರಿಸೋದು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಕೆಳಗೆ ಬರುತ್ತೆ, ಅದಕ್ಕೆ ಬೇರೆ ಲೈಸೆನ್ಸ್ ಬೇಕು. ವಿನಾಯಿತಿಯನ್ನೇ ರದ್ದು ಮಾಡಿಸಬೇಕು ಅಂತ ಕೋರ್ಟಿಗೆ ಹೋದವರೂ ಇದ್ದಾರೆ. ಅಂಥವರ ಕೈಗೆ ನಾವೇ ಕಾರಣ ಕೊಡಬಾರದು.

ಬಾಳೆಲೆ ಬೊಳ್ಳಿ
ಸರಿ ಅಣ್ಣ. ಕೇಳಿದ್ದು ಒಳ್ಳೇದಾಯ್ತು.

ಲಗ್ಗೆರೆ_ಲೋಕಿ
ಬೇಟೆ ಕತೆಗಳ ಕೆನೆತ್ ಆಂಡರ್ಸನ್ ನಮ್ಮ ಬೆಂಗಳೂರಿನವರು, ಅವರ ಕೈಲಿದ್ದದ್ದು .405 ವಿಂಚೆಸ್ಟರ್. ಅದೂ ವೈಲ್ಡ್‌ಕ್ಯಾಟಾ?

ವ್ಯೋಮಿಂಗ್ ವಾಸು
ಅಲ್ಲ, ವಿಂಚೆಸ್ಟರ್‌ನದೇ ಕಾರ್ಖಾನೆ ಗುಂಡು, 1895 ಮಾದರಿಯ ಲಿವರ್ ರೈಫಲ್‌ಗೆ 1904ರಲ್ಲಿ ಬಂತು. ನಡುವೆ ಬಹಳ ವರ್ಷ ತಯಾರಿಕೆ ನಿಂತಿತ್ತು. ಇಂಥ ಸತ್ತುಹೋದ ಗುಂಡಿನ ರೈಫಲ್ ಇದ್ದವರಿಗೂ ಬೇರೆ ಕೇಸಿನಿಂದ ರೂಪಿಸಿಕೊಳ್ಳೋದೇ ದಾರಿ ಆಗಿತ್ತು. ವೈಲ್ಡ್‌ಕ್ಯಾಟ್‌ಗೆ ಬಳಸೋ ಕೈಚಳಕವೇ ಅಲ್ಲೂ ಬೇಕು.

ಹಿಲ್‌ಕಂಟ್ರಿ ಗೌಡ
ರವೆ ವಿಷಯಕ್ಕೆ ಬರೋಣ. ಕ್ರೀಮ್ ಆಫ್ ವೀಟ್ ಅಂತ ಇಲ್ಲಿ ಗಂಜಿ ಮಾಡೋಕೆ ಸಿಗುತ್ತೆ, ನುಣ್ಣಗಿನ ಗೋಧಿ ರವೆ. ಬೇಗ ಉರಿಯೋ ಪಿಸ್ತೂಲ್ ಮದ್ದು ಸ್ವಲ್ಪ, ಅದರ ಮೇಲೆ ರವೆ, ಬಾಯಿಗೆ ಮೇಣ ಇಲ್ಲ ಟಿಶ್ಯು. ಹೊಡೆದ್ರೆ ರವೆ ಎಲ್ಲಾ ಕಡೆ ಒತ್ತಿ ಭುಜ ಉಬ್ಬಿಸುತ್ತೆ. ಬುಲೆಟ್ ಖರ್ಚಿಲ್ಲ, ಬ್ಯಾರೆಲ್ ಸವೆತ ಕಮ್ಮಿ. ಮದ್ದಿನ ಅಳತೆ ನಾನು ಇಲ್ಲಿ ಬರೆಯಲ್ಲ, ಒಂದೊಂದು ಕೇಸಿಗೂ ಬೇರೆ. ಇಂಟರ್‌ನೆಟ್‌ನಲ್ಲಿ ಯಾರೋ ಬರೆದ ಅಳತೆ ಎತ್ಕೊಂಡು ಹೊಡೀಬೇಡಿ.

ಧಾರವಾಡದಾಂವ
ನಾ ಅಂತೂ ಬ್ಯಾಡ ಅಂತೀನಿ. ಥಂಡಿ ಹಿಡದು ರವಾ ಗಂಟು ಕಟ್ಟಿದ್ರ ಅದು ಬುಲೆಟ್ಟಿನಂಗ ಅಡ್ಡ ನಿಲ್ಲತೈತಿ, ಒತ್ತಡ ಹೆಂಗ ಏರತೈತಿ ಅಂತ ಹೇಳಾಕ ಬರೂದಿಲ್ಲ. ಆಕ್ಲಿಗೆ ಇದು ಬೇಕಾಗೂದೂ ಇಲ್ಲ. ಬುಲೆಟ್ ಹಾಕಿ, ಪುಸ್ತಕದಾಗಿನ ಸಾದಾ 6.5-06ರ ಶುರುವಿನ ಅಳತಿ ಹಾಕಿ ಹೊಡ್ರಿ. ಗುರಿ ಅಭ್ಯಾಸಾನೂ ಆತು, ಕೇಸೂ ಆತು. ಮೊದಲ ಹೊಡೆತದಾಗ ಆಕ್ಲಿ ರೈಫಲ್ ಭಾಳ ಚಲೋ ಗುಂಪು ಕೊಡತೈತಿ, ಎಷ್ಟೋ ಮಂದಿ ಅದರಾಗ ಜಿಂಕಿ ಹೊಡೀತಾರ.

ಹಿಲ್‌ಕಂಟ್ರಿ ಗೌಡ
ಬಹಳ ಜನ ವರ್ಷಗಟ್ಟಲೆ ಮಾಡ್ಕೊಂಡು ಬಂದಿದ್ದಾರೆ ಧಾರವಾಡದವರೇ. ಒಣಗಿಸಿ ಹುರಿದು ಹಾಕಿದ್ರೆ ಗಂಟು ಕಟ್ಟಲ್ಲ.

ಧಾರವಾಡದಾಂವ
ಮಾಡ್ಯಾರ, ನಾ ಇಲ್ಲ ಅನ್ನೂದಿಲ್ಲ. ಹೊಸದಾಗಿ ಕಲಿಯಾವಂಗ ಎರಡು ದಾರಿ ಇದ್ದಾಗ ಪುಸ್ತಕದಾಗ ಅಳತಿ ಇರೋ ದಾರಿ ಹೇಳಬೇಕು ಅಂತೀನಿ.

ಪೀಣ್ಯ ಟೂಲ್‌ರೂಮ್
ಮೂರನೇ ದಾರಿ ಇದೆ: ನೀರಿನ ಡೈ. ಕೇಸು ಡೈಯೊಳಗೆ ಹಾಕಿ, ನೀರು ತುಂಬಿ, ಮೇಲಿಂದ ಪಂಚ್ ಇಟ್ಟು ಸುತ್ತಿಗೆಯಲ್ಲಿ ಬಡಿಯೋದು. ನೀರು ಕುಗ್ಗಲ್ಲ, ಹಿತ್ತಾಳೆಯನ್ನ ಗೋಡೆಗೆ ಒತ್ತುತ್ತೆ. ಮದ್ದಿಲ್ಲ, ಶೂಟಿಂಗ್ ರೇಂಜಿಗೆ ಹೋಗಬೇಕಾಗಿಲ್ಲ, ಗ್ಯಾರೇಜಲ್ಲೇ ಆಗುತ್ತೆ. ಭುಜದ ಮೂಲೆ ಪೂರ್ತಿ ಚೂಪಾಗಲ್ಲ, ಮೊದಲ ಹೊಡೆತದಲ್ಲಿ ಉಳಿದದ್ದು ಆಗುತ್ತೆ. ಡೈ ಮಾತ್ರ ಆರ್ಡರ್ ಕೊಟ್ಟು ಮಾಡಿಸಬೇಕು, ದುಬಾರಿ.

ಸಾಗರದ ಹುಡ್ಗ
ಲ್ಯೂಬ್ ಬಗ್ಗೆ ಒಂದು ಮಾತು. ಮೇಣದ ಥರದ್ದು ಬೆರಳಲ್ಲಿ ತೆಳ್ಳಗೆ ಸವರಿ. ಕಮ್ಮಿ ಆದ್ರೆ ಕೇಸು ಡೈಯಲ್ಲಿ ಸಿಕ್ಕಿ ರಿಮ್ ಕಿತ್ತು ಬರುತ್ತೆ, ಆಮೇಲೆ ತಳಕ್ಕೆ ರಂಧ್ರ ಕೊರೆದು ಸ್ಕ್ರೂ ಹಾಕಿ ಎಳೀಬೇಕು. ಜಾಸ್ತಿ ಆದ್ರೆ ಎಣ್ಣೆ ಭುಜದಲ್ಲಿ ನಿಂತು ಗುಳಿ ಬೀಳುತ್ತೆ. ಸಣ್ಣ ಗುಳಿ ಹೊಡೆದಾಗ ಸರಿಹೋಗುತ್ತೆ, ಬಿಸಾಕಬೇಡಿ. ಹೊಡೆಯೋ ಮುಂಚೆ ಲ್ಯೂಬ್ ಪೂರ್ತಿ ಒರೆಸಿ.

ನ್ಯೂಜೆರ್ಸಿ_ನಾಗ
ಇನ್ನೊಂದು. ಮಾಡಿದ ಕೇಸಿನ ತಳದಲ್ಲಿ ".270 ವಿನ್" ಅಂತಲೇ ಇರುತ್ತೆ, ಒಳಗಿರೋದು 6.5. ಡಬ್ಬಕ್ಕೆ ದೊಡ್ಡ ಅಕ್ಷರದಲ್ಲಿ ಚೀಟಿ ಅಂಟಿಸಿ, ಬೇರೆ ರೈಫಲ್‌ಗಳ ಗುಂಡಿನ ಜೊತೆ ಒಂದೇ ಬೆಂಚಿಗೆ ತರಬೇಡಿ. .223 ಕೇಸಿನಿಂದ ಮಾಡೋ .300 ಬ್ಲ್ಯಾಕ್‌ಔಟ್ ಗುಂಡನ್ನ .223 ರೈಫಲ್‌ಗೆ ಹಾಕಿ ಹೊಡೆದು ರೈಫಲ್ ಚೂರು ಚೂರಾದ ಪ್ರಸಂಗಗಳು ಬೇಕಾದಷ್ಟಿವೆ. ತಳದ ಅಚ್ಚು ನೋಡಿ ನಂಬೋ ಅಭ್ಯಾಸ ಎಲ್ಲರಿಗೂ ಇರುತ್ತೆ. ನಾಳೆ ನಿಮ್ಮ ಮನೆಯವರು ಇದನ್ನ ಯಾರಿಗಾದ್ರೂ ಕೊಟ್ಟರೆ ಚೀಟಿ ಒಂದೇ ಆಧಾರ.

ರಾಕೀಸ್_ರಂಗ
ಎಲ್ಲರಿಗೂ ಧನ್ಯವಾದ. ಗನ್‌ಸ್ಮಿತ್ ಹತ್ರ ಹೋಗಿ ಬಂದೆ. ಚೇಂಬರ್ ಕಾಸ್ಟ್ ಮಾಡಿದ್ರು, ಕತ್ತು .297 ನಿಜ, ಹೆಡ್‌ಸ್ಪೇಸ್ (ಕೇಸಿಗೂ ಬೋಲ್ಟಿಗೂ ನಡುವಿನ ಸಂದಿ) ಸರಿಯಾಗಿದೆ, ಕೆಲಸ ಮಾಡಿದವರು ಬಲ್ಲವರು ಅಂದ್ರು. ಪೀಣ್ಯದವರು ಹೇಳಿದ ಹಾಗೆ ಹೊಸ .270 ತಗೊಂಡು .30ಕ್ಕೆ ಅಗಲ ಮಾಡಿ ಇಳಿಸ್ತೀನಿ. ರವೆ ಬಿಟ್ಟೆ. ಟ್ರಿಮ್ ಮಾತ್ರ ಹೊಡೆದ ಮೇಲೆ ಮಾಡ್ತೀನಿ, ಉಬ್ಬಿದಾಗ ಹೇಗೂ ಕತ್ತು ಸ್ವಲ್ಪ ಗಿಡ್ಡ ಆಗುತ್ತಲ್ಲ.

ಹಿಲ್‌ಕಂಟ್ರಿ ಗೌಡ
ಹೌದು, ಆಕ್ಲಿಗೆ ಎಲ್ಲರೂ ಆಮೇಲೇ ಟ್ರಿಮ್ ಮಾಡೋದು.

ಪೀಣ್ಯ ಟೂಲ್‌ರೂಮ್
ನಿಲ್ಲಿ ನಿಲ್ಲಿ! .270ಯಲ್ಲಿ ಹಾಗೆ ಮಾಡಬೇಡಿ. .30-06 ಕೇಸಿನ ಉದ್ದ 2.494 ಇಂಚು. .270ದ್ದು 2.540. 46 ಥೌ ಉದ್ದ ಜಾಸ್ತಿ. ನಿಮ್ಮ ಚೇಂಬರ್ .30-06 ಉದ್ದಕ್ಕೆ ಕೊರೆದಿದ್ರೆ ಕೇಸಿನ ಬಾಯಿ ಚೇಂಬರ್ ಮುಗಿಯೋ ಅಂಚಿಗೆ ಹೋಗಿ ಸಿಕ್ಕಿಕೊಂಡು ಬುಲೆಟ್ಟನ್ನ ಹಿಂಡುತ್ತೆ. ಕತ್ತು ದಪ್ಪ ಇದ್ರೆ ಎಷ್ಟು ಅಪಾಯವೋ ಇದೂ ಅಷ್ಟೇ. ಇನ್ನೊಂದು ತೊಂದರೆ, ಬೋಲ್ಟ್ ಬಿಗಿಯಾದಾಗ ಸುಳ್ಳು ಭುಜ ತಾಗಿದ್ದೋ ಬಾಯಿ ತಾಗಿದ್ದೋ ಕೈಗೆ ಗೊತ್ತಾಗಲ್ಲ, ಡೈ ತಪ್ಪು ಜಾಗದಲ್ಲಿ ನಿಲ್ಲಿಸ್ತೀರಿ. ಕಾಸ್ಟ್ ಇದೆಯಲ್ಲ, ಅದರಲ್ಲಿ ಚೇಂಬರ್ ಉದ್ದ ಅಳೆಯಿರಿ. ಕತ್ತು ಇಳಿಸೋ ಕೆಲಸ ಶುರು ಮಾಡೋ ಮುಂಚೆಯೇ ಕೇಸನ್ನ ಅದಕ್ಕಿಂತ ಹತ್ತು ಥೌ ಕಮ್ಮಿಗೆ ಟ್ರಿಮ್ ಮಾಡಿ. ಒತ್ತಿದಾಗ ಕತ್ತು ಬೆಳೆಯುತ್ತೆ, ಅದಕ್ಕೆ ಡೈ ಆದ ಮೇಲೆ ಮತ್ತೆ ಅಳೆಯಿರಿ. ಹೊಡೆದ ಮೇಲೆ ಎಲ್ಲವನ್ನೂ ಒಂದೇ ಉದ್ದಕ್ಕೆ ತರೋದು ಬೇರೆ ಕೆಲಸ.

ಹಿಲ್‌ಕಂಟ್ರಿ ಗೌಡ
ಇದು ಸರಿ. ನಾನು .30-06 ಲೆಕ್ಕದಲ್ಲಿ ಹೇಳಿದೆ. ರಂಗ ಅವರೇ, ಪೀಣ್ಯದವರು ಹೇಳಿದ ಹಾಗೇ ಮಾಡಿ.

ರಾಕೀಸ್_ರಂಗ
ಕಾಸ್ಟ್ ಮುಂದೇನೇ ಇದೆ. ಈಗ ಅಳೆದೆ, 2.504 ಬಂತು. 2.494ಕ್ಕೆ ಟ್ರಿಮ್ಮರ್ ಸೆಟ್ ಮಾಡ್ತಿದ್ದೀನಿ.